ಬಾಗಿಲ ಹಿಂದಿನಿಂದ ಬಂದ ಡಬ್ಬಿ

ಎಪ್ಪತ್ತರ ದಶಕದಲ್ಲಿ ಜಹೀರಾಬಾದಿನ ಒಂದು ದವಾಖಾನೆಯಲ್ಲಿ ನಾನು ಕಫ ಪರೀಕ್ಷೆ ಮಾಡುತ್ತಿದ್ದೆ. ಗೋಡೆಯ ಮೇಲೊಂದು ನಕ್ಷೆ ಇತ್ತು. ಟಿ.ಬಿ. ಸಿಕ್ಕ ಊರಿಗೆ ಕೆಂಪು ಚುಕ್ಕೆ ಇಡುವುದೂ ನನ್ನದೇ ಕೆಲಸ. ತಾಂಡೂರಿನ ಕಡೆ ಚುಕ್ಕೆಗಳು ಒತ್ತೊತ್ತಾಗಿದ್ದವು. ಝರಾಸಂಗಂ ಸುತ್ತಿನ ನಮ್ಮ ಹಳ್ಳಿಗಳೆಲ್ಲ ಬೋಳು. ನಮ್ಮ ಕಡೆ ಗಾಳಿ ಚಲೋ ಎಂದು ಡಾಕ್ಟರಿಗೆ ಜಂಬದಿಂದ ಹೇಳಿದ ಮಹಾಶಯ ನಾನೇ.

ಊರಿನಲ್ಲಿ ತಂಗಿ ಎರಡು ತಿಂಗಳಿಂದ ಕೆಮ್ಮುತ್ತಿದ್ದಳು. ಅಷ್ಟರಲ್ಲಿ ತಾಂಡೂರಿನಿಂದ ಸಂಬಂಧ ಬಂತು. ಕೆಮ್ಮಿನ ಸುದ್ದಿ ಹುಡುಗನ ಮನೆಗೂ ಮುಟ್ಟಿತ್ತು. "ನೀವ ದವಾಖಾನಿಯವರಿದ್ದೀರಿ. ನೋಡಿ ಹೇಳ್ರಿ, ನಿಮ್ಮ ಮಾತು ಸಾಕು" ಎಂದರು. ನಾನು ಕಫ ಹಿಡಿಯುವ ಡಬ್ಬಿ ತೊಗೊಂಡು ಊರಿಗೆ ಹೋದೆ.

ನಮ್ಮಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿ ಗಂಡಸರೆದುರು ಉಗುಳುವಂತಿಲ್ಲ, ಅಣ್ಣನಾದರೂ ಸರಿ. ಹೆಂಗಸರ ಡಬ್ಬಿ ಬಾಗಿಲ ಹಿಂದಿನಿಂದಲೇ ಬರಬೇಕು. ಬೆಳಿಗ್ಗೆ ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಅವ್ವ ಡಬ್ಬಿ ಒಳಗೆ ಒಯ್ದು, ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು.

"ಆತು, ತೊಗೊ. ಲಗೂ ನೋಡಿ ಹೇಳು."

ದವಾಖಾನೆಗೆ ತಂದು, ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೆಂಪು ಕಡ್ಡಿಯಂಥ ಆ ರೋಗಾಣು ಒಂದೂ ಇಲ್ಲ. ಬೀಗರಿಗೆ, "ನನ್ನ ಕಣ್ಣಿಲೆ ನೋಡೀನ್ರಿ, ಏನೂ ಇಲ್ಲ" ಎಂದು ಮಾತು ಕೊಟ್ಟೆ. ಮದುವೆಯಾಯಿತು.

ಎಂಟು ತಿಂಗಳಿಗೆ ತಂಗಿಯ ಗಂಡ ತಾಂಡೂರಿನ ಡಾಕ್ಟರ ಚೀಟಿ ಹಿಡಿದು ನಮ್ಮ ದವಾಖಾನೆಗೆ ಬಂದ. ಅವಳು ರಕ್ತ ಕಾರಿದ್ದಳು. ಟಿ.ಬಿ. ಎಂದು ಬರೆದಿತ್ತು. "ನಿಮ್ಮ ಮಾತಿನ ಮ್ಯಾಲ ಮದವಿ ಮಾಡ್ಕೊಂಡಿದ್ದೆನ್ರಿ" ಎಂದ. ಬೈಯಲಿಲ್ಲ, ಚೀಟಿ ಮಡಚಿ ನನ್ನ ಮುಂದಿಟ್ಟ. ನನಗೆ ತಲೆ ಎತ್ತಲಾಗಲಿಲ್ಲ.

ಆವತ್ತೇ ಊರಿಗೆ ಓಡಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೇಳಿದ್ದಕ್ಕೆ ಮುಖ ಎತ್ತದೆಯೇ ಹೇಳಿದಳು: "ಡಬ್ಬ್ಯಾಗ ಇದ್ದದ್ದು ನನ್ನ ಉಗುಳು. ಟಿ.ಬಿ. ಅಂತ ನೀ ಬರದ್ರ ಆಕಿನ್ನ ಯಾರು ಮಾಡ್ಕೊತಿದ್ರು? ಓಣ್ಯಾಗ ಎಲ್ಲಾರೂ ಹಿಂಗ ಮಾಡ್ಯಾರ."

ಹೆತ್ತವಳೇ ನನ್ನ ಕಣ್ಣಿಗೆ ಮಣ್ಣೆರಚಿದ್ದಳು. ನಮ್ಮ ಹಳ್ಳಿಗಳು ನಕ್ಷೆಯಲ್ಲಿ ಯಾಕೆ ಬೋಳಾಗಿದ್ದವೆಂದು ಆಗ ತಿಳಿಯಿತು. ನಮ್ಮ ಹೆಣ್ಣುಮಕ್ಕಳು ಇಲ್ಲಿ ಕೆಮ್ಮಿ, ಕೊಟ್ಟ ಊರಿನಲ್ಲಿ ಚುಕ್ಕೆಯಾಗುತ್ತಿದ್ದರು.

ತಾಂಡೂರಿನಲ್ಲಿ ತಂಗಿ ಎಲುಬಿನ ಗೂಡಾಗಿ ಮಲಗಿದ್ದಳು. ಸೂಜಿ ಶುರುವಾಗಿತ್ತು, ಬಹಳ ತಡವಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ನಾನು ಮಂಚದ ಪಕ್ಕ ಕೂತು ಬಾಯಿ ಒಣಗುವವರೆಗೆ ಅವ್ವನನ್ನು ಬೈದೆ. ತಂಗಿ ಎಲ್ಲ ಕೇಳಿಸಿಕೊಂಡು ಹೇಳಿದಳು:

"ಅವ್ವಗ ಯಾಕ ಬೈತಿ, ಅಣ್ಣಾ. ಅವತ್ತು ನಾ ಬಾಗಿಲ ಹಿಂದ ಕಫ ಕಿತ್ತು ಬರೂ ಹಂಗ ಕೆಮ್ಮಕೋತ ನಿಂತಿದ್ದೆ. ನಿನಗ ಕೇಳಿಸ್ಲಿಲ್ಲೇನು?"

ಕೇಳಿಸಿತ್ತು. ಡಬ್ಬಿಯಲ್ಲಿದ್ದದ್ದು ಕಫವಲ್ಲ, ಬರೀ ಎಂಜಲು ಎಂದು ಪಟ್ಟಿಗೆ ಹಚ್ಚುವಾಗಲೇ ಗೊತ್ತಾಗಿತ್ತು. ಆ ಮದುವೆ ನಡೆಯಲಿ ಎಂಬ ಆಸೆ ನನಗೂ ಇತ್ತು.