ತಟ್ಟೆ ಬಾರಿಸುತ್ತ ಬರುವ ಅಕ್ಕ

ಠಣ್, ಠಣ್, ಠಠಣ್. ಸ್ಟೀಲ್ ತಟ್ಟೆಯ ಮೇಲೆ ಚಮಚದ ಸದ್ದು. ಅದರ ಬೆನ್ನಿಗೇ ಕಾರಿಡಾರಿನುದ್ದಕ್ಕೂ ಒಂದು ಕೂಗು: "ಊಟ ಆಯ್ತಾ?"

ಮುಂಬೈಯ ವಿಕ್ರೋಳಿಯ ಆ ಲೇಡೀಸ್ ಹಾಸ್ಟೆಲಿನ ಮೊದಲ ಮಹಡಿಗೆ ಕನ್ನಡ ಫ್ಲೋರ್ ಎಂದೇ ಹೆಸರು. ಕಾಲೇಜಿನವರ ಮೆಂಟರ್‌ಶಿಪ್ ಪ್ರೋಗ್ರಾಂನಲ್ಲಿ ಹೊಸ ಹುಡುಗಿಗೆ ಒಬ್ಬಳು ಸೀನಿಯರ್ ಅಕ್ಕ, ಎಲ್ಲರಿಗೂ ಸೇರಿ ಹೊರಗಿನ ಒಬ್ಬ ಆಂಟಿ. ಆ ಆಂಟಿ ನಾನು. ಭಾಂಡುಪಿನ ಫ್ಲ್ಯಾಟಿನಲ್ಲಿ ಕ್ರಾಸ್‌ವರ್ಡ್ ಬಿಡಿಸುತ್ತ ಕೂತಿದ್ದ ರಿಟೈರ್ಡ್ ಹೆಂಗಸು.

ತಟ್ಟೆಯ ರಿವಾಜು ಮಾತ್ರ ಹುಡುಗಿಯರದೇ. ವಾಟ್ಸ್ಯಾಪ್ ನಡೆಯದು. ಬಾಗಿಲು ತೆರೆದು, ಮುಖ ತೋರಿಸಿ, ಬಂದಷ್ಟು ಕನ್ನಡದಲ್ಲಿ ಉತ್ತರಿಸಬೇಕು. 'ಆಗಿಲ್ಲ' ಎಂದವಳನ್ನು ಅವಳ ಅಕ್ಕ ಕೈಹಿಡಿದು ಮೆಸ್ಸಿಗೆ ಕರೆದೊಯ್ಯಬೇಕು. ನನ್ನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಂಜೆ ಬೆಲ್ ಹೊಡೆದರೆ ಸೈಲೆನ್ಸ್, ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು. ಇಲ್ಲಿ ಸದ್ದಾದರೆ ತೆರೆಯುತ್ತಿದ್ದವು. ಹೌ ಲವ್ಲೀ ಎಂದು ಆಗ ಅಂದುಕೊಂಡಿದ್ದೆ, ಈಗಲೂ ಹಾಗೇ ಅನಿಸುತ್ತದೆ.

ಒಬ್ಬಳು ಮಾತ್ರ ತೆರೆಯುತ್ತಿರಲಿಲ್ಲ. ವಿಜಾಪುರದ ಕಡೆಯ ಹುಡುಗಿ. ತಂದೆ ಕುರ್ಲಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಅವಳ ಪಾಲಿಗೆ ಬಂದ ಅಕ್ಕ ಉಡುಪಿ ಹೋಟೆಲಿನವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಕುಂಟುತ್ತಿತ್ತು. ಆದರೂ ದಿನವೂ ತಟ್ಟೆ ಬಾರಿಸಿ ಮುಗಿಸಿ ಆ ಮುಚ್ಚಿದ ಬಾಗಿಲ ಹೊರಗೆ ಕಾಲು ಚಾಚಿ ಕೂತು ತನ್ನ ಪಾಠ ಓದಿಕೊಳ್ಳುತ್ತಿದ್ದಳು.

"ಏ ಉಡುಪಿ, ಇಧರ್ ಭೀ ಹೋಟೆಲ್ ಖೋಲಾ ಕ್ಯಾ?" ಇಲ್ಲೂ ಹೋಟೆಲ್ ತೆರೆದೆಯಾ ಎಂದು ಹಾದುಹೋಗುವವರು ಛೇಡಿಸುತ್ತಿದ್ದರು.

"ಹೌದು. ಗಿರಾಕಿ ಒಬ್ಬಳೇ. ಅವಳೂ ಬರುದಿಲ್ಲ."

ಒಂದು ಸಂಜೆ ಬಾಗಿಲು ಸ್ವಲ್ಪವೇ ಸರಿಯಿತು. ಒಳಗಿನವಳು ನಗು ತಡೆಯುತ್ತಿದ್ದಳು.

ಆದರೆ ಆ ಭಾನುವಾರವೇ ತಂದೆ ಖಾಲಿ ಚೀಲ ಹಿಡಿದು ವಿಸಿಟರ್ಸ್ ರೂಮಿಗೆ ಬಂದರು. ಮಗಳು ತಲೆ ತಗ್ಗಿಸಿ ನಿಂತಿದ್ದಳು.

"ದಿನಾ ಫೋನ್‌ನ್ಯಾಗ ಅಳ್ತಾಳ್ರೀ ಅಮ್ಮಾ. ಇಷ್ಟ್ ದೊಡ್ಡ ಬಿಲ್ಡಿಂಗಿನ್ಯಾಗ ತನ್ನ ಕೇಳಾವ್ರ ಇಲ್ಲಂತ. ಓದು ಹ್ವಾದ್ರ ಹೋಗ್ಲಿ, ಊರಿಗೆ ಕಳಸ್ತೀನಿ."

ಊರಿಗೆ ಹೋದರೆ ಕಾಲೇಜು ಮುಗಿದಂತೆಯೇ. ನಾನು ಅಡ್ಜಸ್ಟ್‌ಮೆಂಟು, ಕೌನ್ಸೆಲಿಂಗು ಎಂದೆಲ್ಲ ಹೇಳಿದೆ. ಅವರು ಮರ್ಯಾದೆಯಿಂದ ತಲೆಯಾಡಿಸಿದರು. ಚೀಲ ಕೈಬಿಡಲಿಲ್ಲ.

"ಅಂಕಲ್, ನಿಮ್ಮ ಊಟ ಆಯ್ತಾ?" ಉಡುಪಿಯವಳು ಕೇಳಿದಳು.

"ಇಲ್ಲವ್ವಾ."

ಅದೇ ತಟ್ಟೆಯಲ್ಲಿ ಬಡಿಸಿ ತಂದಳು. ಅವರು ಉಂಡ ಮೇಲೆ ತೊಳೆದು, ಒರೆಸಿ, ಮಗಳ ಕೈಗೆ ಕೊಟ್ಟಳು. "ಇವತ್ತು ನೀನು ಬಾರಿಸು. ನಂಗೆ ಓದ್ಲಿಕ್ಕುಂಟು."

ಹುಡುಗಿ ತಂದೆಯ ಮುಖ ನೋಡಿ ಮೆಟ್ಟಿಲು ಹತ್ತಿದಳು. ಕೆಳಗೆ ನಾವು ಮೂವರೂ ಕಿವಿಗೊಟ್ಟು ಕೂತೆವು. ಠಣ್. ಇನ್ನೊಮ್ಮೆ ಠಣ್. ಆಮೇಲೆ ಸಣ್ಣ ದನಿ: "ಊಟ ಆತೇನ?"

"ಆಯ್ತು!" ಒಂದು ಬಾಗಿಲು. "ಹೋ ಗಯಾ... ಅಲ್ಲ, ಆಯ್ತು ಆಯ್ತು!" ಇನ್ನೊಂದು. ಸಾಲಾಗಿ ಬಾಗಿಲುಗಳು. ಕೊನೆಗೆ ಯಾರೋ, "ಏ ವಿಜಾಪುರ, ನಿಂದು ಆಯ್ತಾ? ಬಾ, ನಾನೂ ಉಂಡಿಲ್ಲ!" ಎಂದು ಕೂಗಿದ್ದು, ಅದರ ಮೇಲೊಂದು ನಗು.

ತಂದೆ ಮೇಲೆ ನೋಡಿದರು. "ನಗಾಕಿ ನಮ್ಮಾಕೀನ ಏನ್ರೀ?"

"ಹೌದು," ಎಂದೆ.

ಅವರು ಎದ್ದರು. ಚೀಲವನ್ನು ಮಡಚಿ ಉಡುಪಿಯವಳ ಕೈಗಿತ್ತರು. "ಅಕಿಗೆ ಕೊಡವಾ. ಹಬ್ಬಕ್ಕ ಬರೂಮುಂದ ಬೇಕಾಗ್ತದ."

ವಿಜಾಪುರದವಳು ಈಗ ತಾನೂ ಒಬ್ಬ ಹೊಸಬಳಿಗೆ ಅಕ್ಕನಾಗಿದ್ದಾಳೆ. ತಟ್ಟೆ ಅವಳ ರೂಮಿನಲ್ಲಿದೆ. ಉಡುಪಿಯವಳು ಕೆಲಸ ಸಿಕ್ಕಿ ಹೊರಟುಹೋದಳು.

ಅವಳನ್ನು ಕೊನೆಯ ಬಾರಿ ಕಂಡದ್ದು ಕುರ್ಲಾ ಸ್ಟೇಷನ್ನಿನಲ್ಲಿ. ಎದುರಿನ ಪ್ಲಾಟ್‌ಫಾರ್ಮಿನ ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಜೋತುಕೊಂಡಿದ್ದಳು. ನನ್ನನ್ನು ಕಂಡು ಬೆರಳುಗಳನ್ನು ಬಾಯಿಯ ಬಳಿ ತಂದು ಹುಬ್ಬೇರಿಸಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ರೂಲ್ ಪ್ರಕಾರ ಅವಳು ಬಂದು ಕೈಹಿಡಿದು ಕರೆದೊಯ್ಯಬೇಕಿತ್ತು. ನಗುತ್ತಾ ಒಂದು ಕಾಲು ಮುಂದಿಟ್ಟಳು ಕೂಡ, ಮೈ ಡಿಯರ್ ಗರ್ಲ್. ಅಷ್ಟರಲ್ಲಿ ಗಾಡಿ ಹೊರಟಿತು.