ಅಪ್ಪ ಕಾಯ್ದ ಸಿಮೆಂಟ್ ಚೀಲಗಳು

ಭಟ್ಟಿ ಸಾಬಣ್ಣನ ಮಗಳು ಡಿಗ್ರಿ ಮಾಡುವುದು ಈ ಜನ್ಮಕ್ಕೆ ಆಗದ ಮಾತು ಎಂದವರು ನಮ್ಮ ಸಿಮೆಂಟ್ ಗಿರಣಿಯ ಗೋದಾಮು ನೋಡಿಕೊಳ್ಳುತ್ತಿದ್ದ ಮುನ್ಷಿ. ನಾನಾಗ ಏಳನೇ ತರಗತಿ. ಅಪ್ಪನಿಗೆ ಬುತ್ತಿ ಕೊಡಲು ಗೇಟಿನ ಹತ್ತಿರ ನಿಂತಿದ್ದೆ. "ಸಾಬಣ್ಣ, ಭಟ್ಟಿಗಿ ಕಲ್ಲಿದ್ದಲು ಹಾಕಿದ್ರ ಸಾಕೋ, ಪುಸ್ತಕ ಹಾಕಿ ಯಾಕ ಸುಡತಿ?" ಎಂದರು. ಅಪ್ಪನೂ ಎಲ್ಲರ ಜೊತೆ ನಕ್ಕ. ನನಗೆ ನಗು ಬರಲಿಲ್ಲ.

ಈಗ ಯಾದಗಿರಿಯಲ್ಲಿ ನಾನು ಕೆಲಸ ಮಾಡುವ ಕಚೇರಿಯ ಪಕ್ಕದಲ್ಲಿ ಯಾರಾದರೂ ಹೊಸ ಗೋಡೆಗೆ ನೀರು ಹೊಡೆದರೆ ಆ ಹಸಿ ಸಿಮೆಂಟಿನ ವಾಸನೆ ಬರುತ್ತದೆ, ಕೈಯಲ್ಲಿನ ಕಡತ ಹಾಗೆಯೇ ಉಳಿಯುತ್ತದೆ. ಶಹಾಪುರದಿಂದ ಸುರಪುರದ ಕಡೆ ಹೋಗುವ ದಾರಿಯಲ್ಲಿ ಕೆನಾಲ್ ದಂಡೆಗಿತ್ತು ನಮ್ಮ ಗಿರಣಿ. ಕೆನಾಲ್ ಬಂದ ಮೇಲೆ ಗಿರಣಿ ಬಂತು, ಗಿರಣಿ ಬಂದ ಮೇಲೆ ನಾವು ಬಂದೆವು. ಸುಣ್ಣದ ಕಲ್ಲು, ಮಣ್ಣು, ಕಲ್ಲಿದ್ದಲು ಅರೆದು ಕೆನಾಲಿನ ನೀರು ಚಿಮುಕಿಸಿ ಉಂಡೆ ಮಾಡುತ್ತಿದ್ದರು. ಆ ಉಂಡೆಗಳು ಭಟ್ಟಿಗೆ ಬೀಳುತ್ತಿದ್ದವು. ಬೆಂಕಿಯ ಬಣ್ಣ ನೋಡಿ, ಉಂಡೆ ಬೆಂದಿದೆಯೋ ಇಲ್ಲವೋ ಹೇಳುವವನು ಅಪ್ಪ. ಗಿರಣಿಯ ಸಾವ್ಕಾರರೂ ಆ ಮಾತು ಮೀರುತ್ತಿರಲಿಲ್ಲ. ಫರ್ಸಿ ಕಲ್ಲಿನ ಮಾಳಿಗೆಯ ಎಂಟು ಖೋಲಿಗಳ ಸಾಲಿನಲ್ಲಿ ಕೊನೆಯದು ನಮ್ಮದು. ಬೆಳಗಿನ ಪಾಳಿಗೆ ಕರೆಯುವ ಗಿರಣಿಯ ಭೋಂಗಾ ಕೂಗುವುದರೊಳಗೆ ಒಗೆದ ಬಟ್ಟೆ ಒಣಗಿಸಿ ಒಳಗೆ ತರಬೇಕು, ಇಲ್ಲದಿದ್ದರೆ ಗಿರಣಿಯ ಧೂಳು ಕೂತು ಬೂದಿಬಣ್ಣ ಹತ್ತಿ ಸೆಟೆದುಕೊಳ್ಳುತ್ತಿದ್ದವು. ಬೇವಿನ ಎಲೆ ಹಸಿರಾಗಿರುತ್ತದೆ ಎಂಬುದು ನಮಗೆ ಗೊತ್ತಾಗುತ್ತಿದ್ದುದು ಮೊದಲ ಮಳೆ ಬಿದ್ದ ದಿನ ಮಾತ್ರ. ಸಂಜೆ ಅಪ್ಪ ಬಂದು ರೆಪ್ಪೆ ಒರೆಸಿಕೊಂಡ ಮೇಲೆಯೇ ನಮ್ಮ ಅಪ್ಪನಂತೆ ಕಾಣುತ್ತಿದ್ದ. ಅವ್ವ ಚೀಲದ ಬಾಯಿ ಹೊಲಿಯುತ್ತಿದ್ದಳು. ಖಾಲಿ ಚೀಲಗಳನ್ನು ಹೆಂಗಸರೆಲ್ಲ ಕೆನಾಲಿಗೆ ಒಯ್ದು ಮೊದಲು ಕಲ್ಲಿಗೆ ಬಡಿದು, ಆಮೇಲೆ ನೀರಿಗೆ ಅದ್ದುತ್ತಿದ್ದರು. ಬಡಿಯುವ ಮೊದಲೇ ಅದ್ದಿದ ಹುಡುಗಿಗೆ ಬೆನ್ನಿಗೊಂದು ಬೀಳುತ್ತಿತ್ತು. ನೀರು ತಾಗಿದರೆ ಸಿಮೆಂಟು ಯಾರ ಮಾತೂ ಕೇಳುವುದಿಲ್ಲ ಎಂಬುದು ನಮ್ಮ ಸಾಲಿನ ಕೂಸಿಗೂ ಗೊತ್ತಿತ್ತು.

ದೊಡ್ಡ ಕಾರ್ಖಾನೆಗಳ ಸಿಮೆಂಟು ಲಾರಿಗಳಲ್ಲಿ ಬರತೊಡಗಿದ ಮೇಲೆ ನಮ್ಮದನ್ನು ಕೇಳುವವರು ಕಡಿಮೆಯಾದರು. ಒಂದು ದಿನ ಕರೆಂಟು ಕಡಿದರು, ಭಟ್ಟಿ ಆರಿತು. ಸಾವ್ಕಾರರು ಹೋಗುವಾಗ ಗೋದಾಮಿನಲ್ಲಿ ಉಳಿದಿದ್ದ ಚೀಲಗಳನ್ನು ಅಪ್ಪನಿಗೆ ಒಪ್ಪಿಸಿ, ಜೋಪಾನ ಮಾಡು, ದೀಪಾವಳಿಗೆ ಮತ್ತೆ ಭಟ್ಟಿ ಹಚ್ಚೋಣ ಎಂದರು. ಗೋದಾಮು ಸೋರುತ್ತಿತ್ತು. ಅಪ್ಪ ಚೀಲಗಳನ್ನು ನಮ್ಮ ಖೋಲಿಗೇ ತಂದ. ಕೆಳಗೆ ಜೋಳದ ಒಣದಂಟಿನ ಕಣಕಿ ಹಾಸಿ, ಮೇಲೆ ತಾಡಪತ್ರಿ ಹೊದಿಸಿದ. ನಾವು ಪಡಸಾಲೆಯಲ್ಲಿ ಮಲಗಿದೆವು. ಅಮಾವಾಸ್ಯೆಗೊಮ್ಮೆ ಒಂದೊಂದೇ ಚೀಲ ಎತ್ತಿ ಮಗ್ಗಲು ಬದಲಿಸುತ್ತಿದ್ದ, ಬಾಣಂತಿಯ ಕೂಸನ್ನು ಹೊರಳಿಸಿದಂತೆ. ಎರಡು ದೀಪಾವಳಿ ಹೋದವು. ಉಳಿದ ಏಳು ಮನೆಯವರು ಗಂಟು ಕಟ್ಟಿದರು. ಅಪ್ಪ ಬೇರೆ ಕೆಲಸಕ್ಕೆ ಹೋಗಲಿಲ್ಲ. ಸಾವ್ಕಾರರು ಬಂದಾಗ ಮನೆಗೆ ಬೀಗ ಇರಬಾರದು ಎನ್ನುತ್ತಿದ್ದ. ಅವ್ವ ಹತ್ತಿ ಬಿಡಿಸಲು ಹೋಗಿ ಮನೆ ನಡೆಸಿದಳು.

ನಾನು ಹತ್ತನೇ ತರಗತಿ ಪಾಸಾದ ವರ್ಷ ಒಬ್ಬ ಗುತ್ತೇದಾರ ಆ ಚೀಲಗಳನ್ನು ಕೇಳಿಕೊಂಡು ಬಂದ. ಕೊಟ್ಟರೆ ನನ್ನ ಕಾಲೇಜಿನ ದಾರಿ ತೆರೆಯುತ್ತಿತ್ತು. ಅಪ್ಪ ಒಪ್ಪಲಿಲ್ಲ. ಇವು ನನ್ನವಲ್ಲ, ಗಿರಣಿಯ ಮಾಲು ಎಂದ. ಎಲ್ಲಿಂದ ಬಂತೋ ನನಗೆ ಅಷ್ಟು ಸಿಟ್ಟು.

"ನಿನ್ನ ಗಿರಣಿ ಸತ್ತೈತಪ್ಪಾ. ಎರಡು ವರ್ಷ ಆತು, ನೀ ಹೆಣಾ ಕಾಯಾಕತ್ತಿ."

ಅಪ್ಪ ಗುತ್ತೇದಾರನ ಕಡೆ ತಿರುಗಿದ. ಮಾಲು ಚೊಲೋ ಇದೆ ಎಂದು ತೋರಿಸುವವನಂತೆ ಒಂದು ಚೀಲ ಎಳೆದು, ಅವ್ವ ಹಾಕಿದ್ದ ಹೊಲಿಗೆ ಬಿಚ್ಚಿ, ಕೈ ಇಳಿಸಿದ. ಕೈ ಇಳಿಯಲಿಲ್ಲ. ಇನ್ನೊಂದು ಬಿಚ್ಚಿದ. ಅದೂ ಹಾಗೆಯೇ. ಹಿಂದಿನ ಗೋಡೆಯಿಂದ ಕೆನಾಲಿನ ತೇವ ಸದ್ದಿಲ್ಲದೆ ಒಳಗೆ ಬಂದಿತ್ತು. ಗುತ್ತೇದಾರ ಬೆರಳಿನಿಂದ ಒಂದೆರಡು ಚೀಲ ತಟ್ಟಿ ನೋಡಿದ. "ಕಲ್ಲ ಆಗ್ಯಾವಲ್ಲೋ ಸಾಬಣ್ಣ" ಎಂದು ಮೆತ್ತಗೆ ಹೇಳಿ ಹೊರಟುಹೋದ. ಬೆಂಕಿಯ ಬಣ್ಣದಲ್ಲೇ ಸಿಮೆಂಟಿನ ಗುಣ ಹೇಳುತ್ತಿದ್ದ ಮನುಷ್ಯ ತನ್ನ ಮನೆಯೊಳಗಿನ ಚೀಲದ ಬಾಯಿ ಎರಡು ವರ್ಷ ಬಿಚ್ಚಿ ನೋಡಿರಲಿಲ್ಲ. ಮಗ್ಗಲು ಬದಲಿಸುವಾಗಲೇ ಕೈಗೆ ಅನುಮಾನ ಬಂದು, ಬಿಚ್ಚಿ ನೋಡಲು ಹೆದರಿದ್ದನೇನೋ, ಈಗ ಹಾಗನ್ನಿಸುತ್ತದೆ.

ಮರುದಿನ ಅಪ್ಪ ಫರ್ಸಿ ಖಣಿಗೆ ಕಲ್ಲು ಒಡೆಯಲು ಹೋದ. ಅಲ್ಲಿ ಪಡೆದ ಮುಂಗಡದಲ್ಲಿ ಅದರ ಮುಂದಿನ ಸೋಮವಾರ ನಾನು ಕಾಲೇಜಿಗೆ ಸೇರಿದೆ. ಭಟ್ಟಿಯ ಧೂಳು ಮೊದಲೇ ಎದೆಯಲ್ಲಿತ್ತು, ಅದರ ಮೇಲೆ ಖಣಿಯ ಧೂಳು ಕೂತಿತು. ಐದು ವರ್ಷ ಹೋದ. ಹಾಸ್ಟೆಲಿನಿಂದ ಬಂದಾಗಲೆಲ್ಲ ಕೆಮ್ಮು ಮೊದಲು ಕೇಳಿಸುತ್ತಿತ್ತು, ಆಮೇಲೆ ಅಪ್ಪ ಕಾಣಿಸುತ್ತಿದ್ದ. ನಾನು ಆಡಿದ ಆ ಮಾತಿಗೆ ತಪ್ಪಾಯಿತು ಎನ್ನಬೇಕೆಂದು ಪ್ರತಿ ಸಲ ಬರುತ್ತಿದ್ದೆ. ಉಂಡೆಯಾ, ಬಸ್ಸು ಸಿಕ್ಕಿತಾ ಎಂದು ಅಪ್ಪ ಕೇಳುತ್ತಿದ್ದ. ಅಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಕೊನೆಯ ಪರೀಕ್ಷೆಗೆ ಹದಿನೈದು ದಿನ ಇರುವಾಗ ಅಪ್ಪ ಹೋದ. ಮಣ್ಣು ಮಾಡಿ ಬಂದು ಪರೀಕ್ಷೆ ಬರೆದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಈಗ ಗಿರಣಿಯ ಜಾಗದಲ್ಲಿ ಜಾಲಿ ಬೆಳೆದಿದೆ. ಸಾಲುಮನೆಯ ಫರ್ಸಿಗಳನ್ನು ಯಾರೋ ಕಿತ್ತು ಒಯ್ದಿದ್ದಾರೆ. ನಿಮ್ಮೂರಿನ ಭೋಂಗಾ ನಿಂತುಹೋಗಿದ್ದರೆ, ಬೆಳಿಗ್ಗೆ ಎದ್ದ ಕೂಡಲೇ ಕಿವಿಗೆ ಏನೋ ಕಡಿಮೆಯಾದಂತಾಗುವುದು ನಿಮಗೂ ಗೊತ್ತಿರುತ್ತದೆ.

ಸರ್ಟಿಫಿಕೇಟು ಬಂದ ದಿನ ಅವ್ವ ಹೊಲದಿಂದ ಆಗಷ್ಟೇ ಬಂದಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದಲು ಬಾರದವಳು ಅದನ್ನು ಬಹಳ ಹೊತ್ತು ನೋಡಿದಳು. ನಾನು ಅಳುತ್ತ, ಅಪ್ಪನನ್ನು ಖಣಿಗೆ ಕಳಿಸಿದ್ದು ನನ್ನ ಮಾತೇ ಅವ್ವಾ ಎಂದೆ. ಅವ್ವ ಸರ್ಟಿಫಿಕೇಟಿನ ಮೇಲೆ ಕಣ್ಣಿಟ್ಟೇ ಹೇಳಿದಳು.

"ನಿನ್ನ ಮಾತಿಗಿ ನೊಂದು ಖಣಿಗಿ ಹೋಗಲಿಲ್ಲ ನಿಮ್ಮಪ್ಪ. ಗಿರಣಿ ಹ್ವಾದ್ರ ಹೋಗ್ಲಿ, ಹುಡುಗಿ ಐತಲ್ಲ ಅಂದು ಎದ್ದು ಹ್ವಾದ. ನಿನಗ ಹೇಳಬ್ಯಾಡ ಅಂದಿದ್ದ, ಓದೂದು ಬಿಟ್ಟು ಅಳತಾಳ ಅಂತ."