ಉಪ್ಪುನೀರಿನ ಲಿವರ್

ಇವತ್ತು ಬೆಳಿಗ್ಗೆ ಕುದಾಪುರದ ನಮ್ಮ ಲ್ಯಾಬಿನಲ್ಲಿ, ಹೊಸದಾಗಿ ಸೇರಿದವರಿಗೆ ತೋರಿಸೋಕೆ ಅಂತ ಕುರಿಯ ಲಿವರಿಗೆ ತಂತಿ ಚುಚ್ಚಿ ಕರೆಂಟು ಬಿಟ್ಟೆ. ಚುರ್ ಅಂತ ಸುಟ್ಟ ವಾಸನೆ ಎದ್ದಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಚಳ್ಳಕೆರೆಯ ಮಟನ್ ಅಂಗಡಿಯ ಸಾಬರು ನೆನಪಾದರು…

ನಾನು ರಾಂಪುರದ ಕಡೆಯ ಲಿಂಗಾಯತರ ಮನೆ ಹುಡುಗಿ. ಮೊಟ್ಟೆ ಅಂದರೂ ಬಾಯಿ ತೊಳಿ ಅನ್ನೋ ಮನೆ ನಮ್ಮದು. ಅಂಥವಳ ಪಾಲಿಗೆ ಬಂದ ಕೆಲಸ ನೋಡಿ: ಹೊಟ್ಟೆ ಕೊಯ್ಯದೆ, ಬಾಯಿಂದ ಎಂಡೋಸ್ಕೋಪ್ ಕೊಳವೆ ಇಳಿಸಿ, ಅದರೊಳಗಿಂದ ಸಣ್ಣ ತಂತಿಯನ್ನು ಜಠರದ ಗೋಡೆ ದಾಟಿಸಿ, ಲಿವರಿನ ಗಡ್ಡೆಯನ್ನು ಕರೆಂಟಿನಲ್ಲಿ ಸುಡುವ ಸಾಧನ ಮಾಡೋದು. ಮನುಷ್ಯರ ಹತ್ತಿರ ಹೋಗುವ ಮೊದಲು ದಿನಾ ಒಂದೊಂದು ಕುರಿ ಲಿವರ್ ಸುಟ್ಟು ನೋಡಬೇಕಿತ್ತು.

ಏಳೆಂಟು ವರ್ಷದ ಹಿಂದಿನ ಮಾತು. ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡು ಒಬ್ಬಳೇ ಇದ್ದೆ. ಬೆಳಿಗ್ಗೆ ಬಸ್ಸಿಗೆ ಮುಂಚೆ ವೇಲನ್ನು ಮುಖಕ್ಕೆ ಸುತ್ತಿಕೊಂಡು ಸಾಬರ ಅಂಗಡಿಗೆ ಹೋಗಿ ನಿಲ್ಲುತ್ತಿದ್ದೆ. ಮೂರನೇ ದಿನ, "ದಿನಾ ಲಿವರ್ ಯಾತಕ್ಕೆ ಬೇಟಿ?" ಅಂದರು. "ರಕ್ತ ಕಮ್ಮಿ ಐತಂತೆ, ಡಾಕ್ಟ್ರು ತಿನ್ನು ಅಂದಾರೆ" ಅಂದುಬಿಟ್ಟೆ. ಲಿಂಗಾಯತರ ಹುಡುಗಿ ಕೂತು ಲಿವರ್ ಸುಡ್ತಾಳೆ ಅನ್ನಿಸಿಕೊಳ್ಳೋದಕ್ಕಿಂತ ಕಾಯಿಲೆಯವಳು ಅನ್ನಿಸಿಕೊಳ್ಳೋದೇ ವಾಸಿ ಅನ್ನಿಸಿತ್ತು. ನನ್ನ ಬುದ್ಧಿಗಿಷ್ಟು.

ಅವತ್ತಿನಿಂದ ಅವರು ನನಗೆ ಅಂತಲೇ ಒಳ್ಳೆಯದನ್ನು ಎತ್ತಿಡೋರು. ಕೊಡುವಾಗ ನನ್ನ ಕಣ್ಣಿನ ಕೆಳರೆಪ್ಪೆ ನೋಡಿ, "ರಕ್ತ ಏರ್ತೇನು ಬೇಟಿ?" ಅನ್ನೋರು. ದಿನವೆಲ್ಲಾ ನನ್ನನ್ನು ಯಾರಾದರೂ ವಿಚಾರಿಸಿದ್ದು ಅಂದರೆ ಅದೊಂದೇ ಮಾತು. ಸುಳ್ಳಿಗೆ ಹುಟ್ಟಿದ್ದೇ ಆದರೂ, ಅದನ್ನು ಕೇಳೋಕೆ ಅಂತ ಹತ್ತು ನಿಮಿಷ ಮುಂಚೆ ಹೋಗುತ್ತಿದ್ದೆ…

ಚಳಿಗಾಲವೆಲ್ಲಾ ಕೆಲಸ ಚೆನ್ನಾಗಿ ನಡೆಯಿತು. ಬೇಸಿಗೆ ಬಂದದ್ದೇ ಎಲ್ಲಾ ಎಡವಟ್ಟು. ಶೇಂಗಾ ಕಾಳಿನಷ್ಟು ಗುಂಡಗೆ, ಆಳಕ್ಕೆ ಸುಡಬೇಕಿದ್ದ ತಂತಿ ಬರೀ ಮೇಲೆ ಮೇಲೆ ಅಗಲಕ್ಕೆ ಸುಡತೊಡಗಿತು. ತಂತಿ ಬದಲಿಸಿದೆ, ಯಂತ್ರ ಬಿಚ್ಚಿ ಜೋಡಿಸಿದೆ, ಊಹೂಂ. ತಲೆ ಕೆಟ್ಟು ಕೆರ ಹಿಡಿಯಿತು. "ಇನ್ನು ಹದಿನೈದು ದಿನ ನೋಡಿ ಕೈಬಿಡೋಣ" ಅಂದರು ಮೇಲಿನವರು.

ಆ ವಾರ ಒಂದು ದಿನ ಇನ್ನೂ ಬೇಗ ಹೋದೆ. ಸಾಬರು ನನ್ನ ಪಾಲಿನ ಲಿವರನ್ನು ಬೋಗುಣಿಯಲ್ಲಿ ನೆನೆಹಾಕಿದ್ದರು. "ಉಪ್ಪುನೀರು ಬೇಟಿ. ಬಿಸ್ಲು ಜಾಸ್ತಿ ಐತಲ್ಲ, ನೀನು ಬೇಯ್ಸೋ ಹೊತ್ತಿಗೆ ಕೆಟ್ಟೋಯ್ತದೆ. ಬ್ಯಾರೆಯವ್ರಿಗೆ ಮಾಡಲ್ಲ, ನಿಂಗೆ ಮಾತ್ರ" ಅಂದರು. ಉಪ್ಪಿದ್ದ ಕಡೆ ಕರೆಂಟು ಸಲೀಸಾಗಿ ಹರಡುತ್ತದೆ. ನನ್ನ ತಂತಿ ಕೆಟ್ಟಿರಲೇ ಇಲ್ಲ.

ಬೇಡ ಅನ್ನೋಕೆ ನಿಜ ಹೇಳಬೇಕಿತ್ತು. ಅಷ್ಟು ತಿಂಗಳು ನನಗಾಗಿ ಮರುಗಿದವರ ಮುಂದೆ, ನನಗೆ ಯಾವ ಕಾಯಿಲೆಯೂ ಇಲ್ಲ, ನೀವು ಆರಿಸಿ ಕೊಟ್ಟಿದ್ದನ್ನೆಲ್ಲಾ ಸುಟ್ಟು ಬಿಸಾಕಿದೆ ಅನ್ನಬೇಕಿತ್ತು. ಅವತ್ತಿನದನ್ನೂ ಇಸ್ಕೊಂಡು ಬಸ್ಸು ಹತ್ತಿದೆ. ಮಾರನೇ ದಿನದಿಂದ ತಳಕು ಊರಿನಿಂದ ಬರುವ ನಮ್ಮ ಲ್ಯಾಬಿನ ಡ್ರೈವರ್ ಕೈಲಿ ಲಿವರ್ ತರಿಸಿಕೊಂಡೆ. ಸುಟ್ಟ ಗುರುತು ಗುಂಡಗೆ ಬಂತು, ಕೆಲಸ ಉಳಿಯಿತು. ಬಸ್ಸು ಸಾಬರ ಅಂಗಡಿ ದಾಟುವಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ಆಮೇಲೆ ಕ್ಯಾಂಪಸ್ಸಿನಲ್ಲೇ ಮನೆ ಸಿಕ್ಕಿತು, ಆ ಬೀದಿಯೂ ತಪ್ಪಿತು…

ಹೋದ ತಿಂಗಳು ದೊಡ್ಡ ಆಸ್ಪತ್ರೆಯೊಂದರಲ್ಲಿ ನಮ್ಮ ತಂತಿ ಮೊದಲ ಸಲ ಒಬ್ಬರ ಗಡ್ಡೆ ಸುಟ್ಟಿತು. ಇನ್ನಾದರೂ ನಿಜ ಹೇಳೋಣ ಅಂತ ಮೈಸೂರು ಪಾಕಿನ ಡಬ್ಬಿ ಹಿಡಿದು ಹೋದೆ. ಅಂಗಡಿ ಬಾಗಿಲು ಹಾಕಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಬಂದರು. ಸಾಬರು ವರ್ಷದ ಹಿಂದೆಯೇ ತೀರಿಕೊಂಡರಂತೆ.

ನಾನು ಯಾರು ಅಂತ ಹೇಳಿದ ಕೂಡಲೇ ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. "ಯಾ ಅಲ್ಲಾ, ನೀನು ಇದ್ದೀಯಾ? ರಕ್ತ ಇಲ್ದೆ ಹುಡುಗಿ ಹೋಗ್ಬಿಡ್ತು, ನಾನು ಕೊಟ್ಟಿದ್ದು ಸಾಲ್ಲಿಲ್ಲ ಅಂತ ಕೊನೇತನಕ ಕೊರಗ್ತಿದ್ರು. ನಿನ್ ಹೆಸ್ರೂ ಗೊತ್ತಿಲ್ದೆ ದುವಾ ಮಾಡೋರು." ಆಮೇಲೆ ನನ್ನ ಕಣ್ಣನ್ನೇ ನೋಡಿ ಕೇಳಿದರು: "ಈಗ ರಕ್ತ ಸರಿ ಆಯ್ತಾ ಬೇಟಿ?"

ಮೈಸೂರು ಪಾಕಿನ ಡಬ್ಬಿ ಆಕೆಯ ಕೈಗಿಟ್ಟೆ. "ಆಯ್ತಮ್ಮಾ. ಅವ್ರು ಕೊಟ್ಟಿದ್ದು ತಿಂದೇ ಆಯ್ತು" ಅಂದೆ. ಆಕೆ ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕರು.

ಇವತ್ತು ಲ್ಯಾಬಿನವರೆಲ್ಲಾ ಊಟಕ್ಕೆ ಹೋದ ಮೇಲೆ ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಂಡೆ. ಕೆಂಪಗೇ ಇತ್ತು. ನೋಡಬೇಕಾಗಿದ್ದವರು ಇಲ್ಲ.